ಪಟ್ಟಿಯಲ್ಲಿಲ್ಲದ ಅಫ್ಕೆಯ ಕಾಫಿ ಮೇಜು

ಮನುಷ್ಯ ಸಂಬಂಧಗಳ ಜಾಲವನ್ನು ಐದೇ ದಿನಗಳಲ್ಲಿ ಅಳೆಯಲು ಕಲಿಸುವ ಡಾ. ಹಿಲ್ಬ್ರಾಂಡ್ ರೋಲ್ಫ್ಸ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಫ್ರೀಸ್‌ಲಾಂಡ್ ಪ್ರಾಂತ್ಯದ ಪುಟ್ಟ ಊರೊಂದರ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷ ಪುಸ್ತಕ ಜೋಡಿಸಿಯೂ ಯಾರಿಗೆ ಯಾರು ಬೇಕಾದವರೆಂದು ಅರಿಯದಿದ್ದ ನನ್ನ ಅಜ್ಞಾನವನ್ನು ತಾವು ಚುಕ್ಕೆ ಮತ್ತು ಗೆರೆಗಳಿಂದಲೇ ನಿವಾರಿಸಿದ್ದಕ್ಕೆ ಮೊದಲು ತಲೆಬಾಗಿ ವಂದಿಸುತ್ತೇನೆ. ಮನುಷ್ಯನೆಂದರೆ ಒಂದು ಚುಕ್ಕೆ, ಒಡನಾಟವೆಂದರೆ ಒಂದು ಗೆರೆ ಎಂದು ತಾವು ಅಪ್ಪಣೆ ಕೊಡಿಸಿದಾಗ ಅದನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ಅಭ್ಯಾಸಕ್ಕೆಂದು ನಮ್ಮ ಗ್ರಂಥಾಲಯದ್ದೇ ಜಾಲವನ್ನು ಬಿಡಿಸಲು ಹೇಳಿದಿರಿ. ಯಾರನ್ನೆಲ್ಲ ಸೇರಿಸಬೇಕೆಂದು ಕೇಳಿದ್ದಕ್ಕೆ, ಸಿಬ್ಬಂದಿ ಪಟ್ಟಿಯಲ್ಲಿದ್ದವರು ಸಾಕೆಂದಿರಿ. ಆ ಹದಿನಾಲ್ಕು ಹೆಸರು ಹಿಡಿದು, ತೊಡಕು ಬಂದಾಗ ಯಾರ ಬಳಿ ಹೋಗುತ್ತೀರೆಂದು ಎಲ್ಲರಿಂದಲೂ ಗುರುತು ಹಾಕಿಸಿದೆ. ಹಾಳೆಯ ಮೇಲೆ ತಂತಮ್ಮ ಹೆಸರನ್ನೂ ಬರೆಯಬೇಕಿದ್ದುದರಿಂದ ಎಲ್ಲರೂ ಜಾಣತನದಿಂದ ವ್ಯವಸ್ಥಾಪಕ ಸಿಬ್ರೆನ್ ಅವರಿಗೇ ಗುರುತು ಹಾಕಿದರು. ನಕ್ಷೆಯ ನಟ್ಟನಡುವೆ ಸಿಬ್ರೆನ್ ಅವರು ಕುಂಬಳಕಾಯಿಯಂತೆ ರಾರಾಜಿಸಿದರು, ತಾವು ಹತ್ತಕ್ಕೆ ಒಂಬತ್ತು ಅಂಕ ದಯಪಾಲಿಸಿದಿರಿ.

ಎಪ್ಪತ್ತು ದಾಟಿದ ಅಫ್ಕೆ ನಮ್ಮಲ್ಲಿ ಸಂಬಳವಿಲ್ಲದ ಸ್ವಯಂಸೇವಕಿ, ಹಾಗಾಗಿ ಪಟ್ಟಿಯಲ್ಲಿಲ್ಲ. ಹತ್ತೂವರೆಗೆ ಕಾಫಿ ಬಗ್ಗಿಸಿ, ತಲೆಗೊಂದೇ ಬಿಸ್ಕತ್ತು ಕೊಟ್ಟು, ಡಬ್ಬಿಯ ಮುಚ್ಚಳ ಹಾಕುವಷ್ಟರಲ್ಲಿ ಯಾರ ರಜೆ ಯಾರಿಗೆ ಅಡ್ಡ, ಯಾರ ಮುನಿಸು ಯಾರ ಮೇಲೆ ಎಂಬುದನ್ನೆಲ್ಲ ಬಗೆಹರಿಸುತ್ತಿದ್ದ ಆಕೆಗೆ ತಮ್ಮ ಶಾಸ್ತ್ರದಲ್ಲಿ ಒಂದು ಚುಕ್ಕೆಯಷ್ಟೂ ಜಾಗ ಸಿಗಲಿಲ್ಲ. ನಕ್ಷೆಯಲ್ಲಿ ಆಕೆಯ ಕಾಫಿ ಮೇಜಿಗೆ ಒಂದು ಗೆರೆಯೂ ಇಲ್ಲದ್ದನ್ನು ಕಂಡ ಸಿಬ್ರೆನ್ ಅವರು ಅಲ್ಲಿ ಕಾಫಿ ಯಂತ್ರ ಇಡಿಸಿದರು. ಅಫ್ಕೆ ತನ್ನ ಡಬ್ಬಿ ಎತ್ತಿಕೊಂಡು, "ಹೋಗ್ಲಿ ಬಿಡೇ, ನೀನಂತೂ ಪಾಸಾದ್ಯಲ್ಲ, ಅಷ್ಟು ಸಾಕು" ಎಂದಳು. ಆಕೆಯ ಹೆಸರು ಬಿಟ್ಟು ನಕ್ಷೆ ಬಿಡಿಸಿದ ಕೈ ನನ್ನದು, ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಈಗ ಯಂತ್ರದ ಮುಂದೆ ಒಬ್ಬೊಬ್ಬರೇ ನಿಂತು, ಲೋಟ ತುಂಬಿದೊಡನೆ ಹೊರಡುತ್ತೇವೆ. ಕಳೆದ ಶನಿವಾರ ಕೆಲಸದ ಸರದಿಯಲ್ಲಿದ್ದ ಮೂವರೂ ಒಬ್ಬರಿಗೊಬ್ಬರು ಹೇಳದೆ ರಜೆ ಹಾಕಿದ್ದರಿಂದ ಗ್ರಂಥಾಲಯದ ಬಾಗಿಲೇ ತೆರೆಯಲಿಲ್ಲ. ಆದ್ದರಿಂದ ತಾವು ದಯಮಾಡಿ ಆ ಯಂತ್ರಕ್ಕೆ ಮುನಿಸು ಬಿಡಿಸುವ ವಿದ್ಯೆಯನ್ನು ಐದು ದಿನಗಳಲ್ಲಿ ಕಲಿಸಬೇಕು. ಅದು ಕಷ್ಟವಾದರೆ, ನನ್ನ ಒಂಬತ್ತು ಅಂಕಗಳನ್ನು ಹಿಂಪಡೆದು, ನಕ್ಷೆ ತಪ್ಪೆಂದು ಸಿಬ್ರೆನ್ ಅವರಿಗೆ ಎರಡು ಸಾಲು ಬರೆದು ಅಫ್ಕೆಯನ್ನು ಮರಳಿ ಕರೆಸಬೇಕು.

ಇನ್ನೂ ಅಳತೆಗೆ ಸಿಗದ,
ತಮ್ಮ ವಿಶ್ವಾಸಿ
ರೆನ್ಸ್ಕೆ ಪೋಸ್ತ್ಮಾ

ಮರೆತಿದ್ದ ಮಾತು: ಕೇಂದ್ರ ಯಾವುದೆಂಬ ತಮ್ಮ ಪಾಠ ನನ್ನ ತಲೆಗೆ ಹತ್ತಿರಲಿಲ್ಲ. ಅಫ್ಕೆಯೇ ಮೇಜಿನ ಮೇಲೆ ಬಿಸ್ಕತ್ತು ಜೋಡಿಸಿ, ಯಾರನ್ನು ತೆಗೆದರೆ ಉಳಿದವರ ಮಾತು ನಿಲ್ಲುತ್ತದೋ ಅವರೇ ಕೇಂದ್ರವೆಂದು ತಿಳಿಸಿಕೊಟ್ಟಳು. ತರಗತಿಯ ಕೊನೆಗೆ, ಕಲಿಕೆಗೆ ನೆರವಾದವರು ಯಾರೆಂದು ತಮ್ಮ ಕಂಪ್ಯೂಟರ್ ಕೇಳಿದಾಗ ಆಕೆಯ ಹೆಸರನ್ನೇ ಬರೆದಿದ್ದೆ. ಪಟ್ಟಿಯಲ್ಲಿಲ್ಲವೆಂದು ಅದನ್ನು ಅಳಿಸಿ, ಡಾ. ರೋಲ್ಫ್ಸ್ ಎಂಬ ತಮ್ಮ ಹೆಸರನ್ನು ಅದೇ ತುಂಬಿಕೊಂಡಿತು.