ಹೊಸ ಸಾಫ್ಟ್‌ವೇರಿಗೆ ಬಾರದ ಮೀಸೆ

ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಸುಖವಾಗಿದ್ದರೆ ನನಗೆ ನೋಡಲು ಆಗುವುದಿಲ್ಲ. ಹೊಟ್ಟೆಕಿಚ್ಚು ಎಂದು ತಿಳಿಯಬೇಡಿ. ಅವನು ಇನ್ನೂ ಸುಖವಾಗಿರಬಹುದಲ್ಲ ಎಂಬ ಕಾಳಜಿ, ಅಷ್ಟೆ. ಯಾರಾದರೂ ಒಂದು ಸೋಪು ಹಚ್ಚಿಕೊಂಡು ಹಾಯಾಗಿ ಸ್ನಾನ ಮಾಡುತ್ತಿದ್ದರೆ ಅದಕ್ಕಿಂತ ಒಳ್ಳೆಯ ಸೋಪಿನ ಹೆಸರನ್ನು ಬಚ್ಚಲ ಬಾಗಿಲ ಹೊರಗೆ ನಿಂತಾದರೂ ಹೇಳಿಬಿಡುವ ಪೈಕಿ ನಾನು. ನನ್ನ ಮಾತು ಕೇಳಿ ನಮ್ಮ ಮಾವನವರು ತಮ್ಮ ಹಳೆಯ ಊರುಗೋಲನ್ನು ಮೂಲೆಗೆ ಹಾಕಿ, ಮಡಚಿ ಚೀಲದಲ್ಲಿಟ್ಟುಕೊಳ್ಳುವಂಥ ಹೊಸ ಊರುಗೋಲು ತಂದರು. ಅದು ಒಂದು ಮದುವೆಮನೆಯಲ್ಲಿ, ಅವರು ಅದನ್ನು ಊರಿಕೊಂಡು ನಿಂತಿದ್ದಾಗಲೇ ಮಡಚಿಕೊಂಡಿತು. ಮಾವನವರು ಈಗಲೂ ನಮ್ಮ ಮನೆಗೆ ಬರುತ್ತಾರೆ. ಆದರೆ ನಾನು ‘ಅದಕ್ಕಿಂತ ಒಳ್ಳೇದು ಒಂದಿದೆ’ ಎಂದು ಶುರು ಮಾಡಿದ ಕೂಡಲೇ ಎದ್ದು ಹಿತ್ತಲ ಕಡೆ ಹೊರಟುಬಿಡುತ್ತಾರೆ.

ಇಂಥ ನನಗೆ ಬುದ್ಧಿ ಬಂದದ್ದು, ಅಥವಾ ಬರಬೇಕಾಗಿದ್ದದ್ದು, ಒಂದು ಮೀಸೆಯಿಂದ. ನಾನು ಹಾಸನದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲಾ ಮೇಷ್ಟ್ರಾಗಿದ್ದೆ. ನಿವೃತ್ತಿ ಹತ್ತಿರ ಬಂದಾಗ, ಮುಂದೆ ಮನೆಯಲ್ಲಿ ಕೂತು ಹೆಂಡತಿಯ ಅಡುಗೆಮನೆ ಸುಧಾರಣೆಗೆ ಕೈ ಹಾಕುತ್ತೇನೆಂದು ಅವಳಿಗೇ ಹೆದರಿಕೆಯಾಗಿ, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಪೆನ್ನು ಮತ್ತು ಹಲಗೆ ಕೊಡಿಸಿದಳು. ಅದಕ್ಕೊಂದು ಬಣ್ಣ ಹಚ್ಚುವ ಸಾಫ್ಟ್‌ವೇರು ಬೇಕಲ್ಲ? ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ನಾನು ಬಹಳ ಕಾಲ ಬಳಸಿದ್ದು, ನಮ್ಮ ಕಡೆಯ ಫ್ಲೆಕ್ಸ್ ಅಂಗಡಿಗಳಲ್ಲೆಲ್ಲ ಇದ್ದದ್ದು ಒಂದೇ. ಅದರ ಹೆಸರು ಬೇಡ. ಅದು ನಕಲಿನ ನಕಲು. ಅರಕಲಗೂಡಿನವರು ಅದನ್ನು ಹೊಳೆನರಸೀಪುರದಿಂದ ತಂದಿದ್ದರು, ಹೊಳೆನರಸೀಪುರದವರು ಚನ್ನರಾಯಪಟ್ಟಣದಿಂದ. ಚನ್ನರಾಯಪಟ್ಟಣದವರನ್ನು ಕೇಳಿದರೆ ‘ಅರಕಲಗೂಡಿಂದ ಸಾ’ ಎನ್ನುತ್ತಿದ್ದರು. ನಾನು ವಿಡಿಯೋ ನೋಡಿ ನೋಡಿ, ಯಾರು ಬೇಕಾದರೂ ಬಿಟ್ಟಿಯಾಗಿ ನ್ಯಾಯವಾಗಿ ಹಾಕಿಕೊಳ್ಳಬಹುದಾದ ಇನ್ನೊಂದನ್ನು ಕಂಡುಹಿಡಿದೆ. ಕಂಡುಹಿಡಿದವನು ಸುಮ್ಮನಿರಬೇಕಲ್ಲ! ಭಾನುವಾರ ಬಂತೆಂದರೆ ಹೆಗಲಿಗೆ ಚೀಲ ಹಾಕಿ, ಕಂಪ್ಯೂಟರ್ ಕಲಾವಿದರನ್ನು ಹಳೆಯದರಿಂದ ಹೊಸದಕ್ಕೆ ದಾಟಿಸಲು ಬಸ್ಸು ಹತ್ತತೊಡಗಿದೆ.

ಚನ್ನರಾಯಪಟ್ಟಣದಲ್ಲಿ ನನ್ನನ್ನು ಕಂಡ ಕೂಡಲೇ ಟೀ ತರಿಸಿ, ‘ಕರೆಂಟಿಲ್ಲ ಸಾ’ ಎಂದು ಕಂಪ್ಯೂಟರ್ ಆರಿಸಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅದರ ಗಾಳಿ ಹಿತವಾಗಿದ್ದರಿಂದ ನಾನೂ ಏನೂ ಅನ್ನಲಿಲ್ಲ. ಅರಕಲಗೂಡಿನ ಲೋಕೇಶ ಮಾತ್ರ ಶಿಷ್ಯನೆಂದರೆ ಶಿಷ್ಯ. ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್ ಮಾಡುವುದರಲ್ಲಿ ಅವನದು ಎತ್ತಿದ ಕೈ. ಎಂಥ ಬಿಸಿಲಲ್ಲಿ ಬೆಂದ ಮುಖವನ್ನೂ ಗುಲಾಬಿ ಬಣ್ಣಕ್ಕೆ ತಂದುಬಿಡುತ್ತಾನೆ. ನಾನು ಹೋದಾಗಲೆಲ್ಲ ಅವನ ಕಂಪ್ಯೂಟರಿನಲ್ಲಿ ಹೊಸ ಸಾಫ್ಟ್‌ವೇರೇ ತೆರೆದಿರುತ್ತಿತ್ತು. ಪರದೆಯ ಮೇಲೆ ಅರ್ಧ ಬಣ್ಣ ಹಚ್ಚಿದ ಒಂದು ಮಾವಿನಹಣ್ಣು. ಮುಂದಿನ ಸಲ ಹೋದಾಗಲೂ ಅದೇ ಮಾವಿನಹಣ್ಣು, ಅಷ್ಟೇ ಅರ್ಧ. ಎಂಥ ತಾಳ್ಮೆ, ಒಂದು ಹಣ್ಣನ್ನು ಇಷ್ಟು ದಿನದಿಂದ ತಿದ್ದುತ್ತಿದ್ದಾನಲ್ಲ ಎಂದು ನನ್ನ ಹೃದಯ ತುಂಬಿ ಬರುತ್ತಿತ್ತು.

ಹೊಳೆನರಸೀಪುರದಲ್ಲಿದ್ದದ್ದು ಶಶಿಕಲಾ. ಬಸ್ ಸ್ಟ್ಯಾಂಡಿನ ಹತ್ತಿರ ಅವಳದೊಂದು ಚಿಕ್ಕ ಅಂಗಡಿ. ತೀರಿಕೊಂಡವರ ಪಟ ಮಾಡುವುದರಲ್ಲಿ ಸುತ್ತಮುತ್ತ ಅವಳನ್ನು ಮೀರಿಸಿದವರಿಲ್ಲ. ನಮ್ಮ ಕಡೆ ತಿಥಿ ಎಂದರೆ ಎಡೆಯ ಮುಂದೆ ಒಂದು ಪಟ ಇರಲೇಬೇಕು. ಆದರೆ ಹಳೆಯ ತಲೆಗಳು ಬದುಕಿದ್ದಾಗ ಕ್ಯಾಮರಾ ಕಂಡರೆ ಮುಖ ತಿರುಗಿಸಿದವರು. ಮನೆಯವರು ತರುವುದು ಗುರುತಿನ ಚೀಟಿಯಲ್ಲಿರುವ, ಉಗುರಿನಷ್ಟಗಲದ ಮಸಿ ಚಿತ್ರ. ಶಶಿಕಲಾ ಅದನ್ನು ದೊಡ್ಡದು ಮಾಡಿ, ಅದರ ಮೇಲೆ ಪೆನ್ನಿನಿಂದ ಬಣ್ಣ ಹಚ್ಚಿ, ಬಿಳಿ ಅಂಗಿ ತೊಡಿಸಿ, ಶಾಲು ಹೊದಿಸಿ ಕೂರಿಸುತ್ತಾಳೆ. ಅಂಗಿ, ಶಾಲು ಎಲ್ಲರಿಗೂ ಒಂದೇ. ಮೀಸೆಯೂ ಒಂದೇ. ಹಳೆಯ ಸಾಫ್ಟ್‌ವೇರಿನಲ್ಲಿ ವರ್ಷಗಟ್ಟಲೆ ತಿದ್ದಿ ತೀಡಿ ಅವಳು ಒಂದು ಮೀಸೆ ಬ್ರಷ್ ಮಾಡಿಕೊಂಡಿದ್ದಳು. ಮೂಗಿನ ಕೆಳಗೆ ಇಟ್ಟು ಒಮ್ಮೆ ಒತ್ತಿದರೆ ದಟ್ಟವಾದ, ಎರಡೂ ಕಡೆ ಸಮನಾದ, ತುದಿಯಲ್ಲಿ ತುಸು ಮೇಲೆದ್ದ ಮೀಸೆ ಬಂದು ಕೂರುತ್ತಿತ್ತು. ತಾಲ್ಲೂಕಿನ ಗಂಡಸರು ಬದುಕಿರುವ ತನಕ ಅವರವರ ಮೀಸೆ ಬಿಟ್ಟುಕೊಂಡು, ಹೋದ ಮೇಲೆ ಶಶಿಕಲಾ ಮೀಸೆ ಹೊತ್ತು ಗೋಡೆ ಏರುತ್ತಿದ್ದರು. ಇದು ಕಲೆಯಲ್ಲ, ಮುದ್ರೆ ಒತ್ತುವುದು ಎಂದು ನಾನು ಅವಳೆದುರಿಗೇ ನಗಾಡಿದ್ದೆ.

ಅವಳಿಗೆ ಕಲಿಸುವಾಗ ನಾನು ಒಂದು ದೊಡ್ಡ ಕೆಲಸ ಮಾಡಿದೆ. ಹಳೆಯದು ಕೈಗೆ ಸಿಕ್ಕುವ ತನಕ ಯಾರೂ ಹೊಸದನ್ನು ಕಲಿಯುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಹೊಸದನ್ನು ಹಾಕಿಕೊಟ್ಟವನು, ಅವಳು ಗಿರಾಕಿಯ ಜೊತೆ ಮಾತಾಡುತ್ತಿದ್ದಾಗ ಹಳೆಯದನ್ನು ಕಂಪ್ಯೂಟರಿನಿಂದ ಕಿತ್ತೇ ಹಾಕಿದೆ. ಬಸ್ಸಿನಲ್ಲಿ ಹಾಸನಕ್ಕೆ ವಾಪಸು ಬರುವಾಗ ಕಿಟಕಿಯ ಪಕ್ಕ ಕೂತು, ಒಂದು ಜೀವವನ್ನು ದಡ ಸೇರಿಸಿದ ತೃಪ್ತಿಯಲ್ಲಿ ಕಡಲೆಕಾಯಿ ತಿಂದೆ.

ಇಲ್ಲಿ ನನ್ನ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ನಾವು ಹಾಸನದಲ್ಲೇ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಮನೆ ಬದಲಿಸಿದಾಗ, ಶಾಲೆ ಬಿಟ್ಟ ಮೇಲೆ ನನ್ನ ಸ್ಕೂಟರು ನನ್ನನ್ನು ಕೇಳದೆ ಹಳೆಯ ಮನೆಗೇ ಹೋಗುತ್ತಿತ್ತು. ಒಂದು ಸಂಜೆಯಂತೂ ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಅಂಗಿಯ ಗುಂಡಿ ಬಿಚ್ಚುತ್ತಾ ‘ಒಂದು ಲೋಟ ಕಾಫಿ’ ಎಂದು ಕೂಗಿಬಿಟ್ಟೆ. ಹೊಸ ಬಾಡಿಗೆಯವರು ಒಳ್ಳೆಯ ಜನ. ಯಾರೆಂದು ಗೊತ್ತಾಗದಿದ್ದರೂ ಕಾಫಿ ಕೊಟ್ಟರು. ವಿಷಯ ತಿಳಿದು ನನ್ನ ಹೆಂಡತಿ ಸುಧಾ, ‘ಅಲ್ಲೇ ಇದ್ದುಬಿಡಬೇಕಾಗಿತ್ತು, ಅವರಿಗೂ ಏನಾದರೂ ಸುಧಾರಣೆ ಬೇಕಿತ್ತೇನೋ’ ಎಂದಳು. ಅಭ್ಯಾಸ ಎನ್ನುವುದು ತಲೆಯಲ್ಲಿಲ್ಲ, ಕೈಕಾಲಿನಲ್ಲಿದೆ ಎಂಬುದು ನನಗೆ ಆವತ್ತೇ ಗೊತ್ತಾಗಬೇಕಾಗಿತ್ತು. ಗೊತ್ತಾಗಲಿಲ್ಲ.

ಮುಂದಿನ ವಾರವೇ ಶಶಿಕಲಾ ಫೋನ್ ಮಾಡಿದಳು. ದನಿಯಲ್ಲಿ ಅಳು ಇತ್ತು. ‘ಸಾ, ಎಲ್ಲಿದ್ದೀರಾ? ಮೀಸೆ ಬರ್ತಾ ಇಲ್ಲ ಸಾ. ನನ್ ಬ್ರಷ್ ಈ ನಿಮ್ ಹೊಸದ್ರಲ್ಲಿ ಬಾಯೇ ಬಿಡ್ತಿಲ್ಲ. ನಾಳೆ ವರ್ಷದ ತಿಥಿ, ಅಜ್ಜಿ ಬಂದು ಕೂತ್ಬುಟ್ಟವ್ರೆ. ಪಟ ಆಗ್ನಿಲ್ಲ ಅಂದ್ರೆ ನಾನು ಅಂಗ್ಡಿ ಬಾಗ್ಲು ಆಕ್ಕಬೇಕಾಯ್ತದೆ.’ ಅರ್ಧ ದಿನ ರಜೆ ಹಾಕಿ ಓಡಿದೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಹಳ್ಳಿಮೈಸೂರಿನ ಕಡೆಯ ಒಂದು ಹಳ್ಳಿಯ ನಿಂಗಮ್ಮ ಎಂಬ ಅಜ್ಜಿ, ಗಂಡನ ಗುರುತಿನ ಚೀಟಿಯನ್ನು ಸೆರಗಿನ ತುದಿಯಲ್ಲಿ ಹಿಡಿದುಕೊಂಡು ಕೂತಿದ್ದರು. ಪರದೆಯ ಮೇಲೆ ಅವರ ಯಜಮಾನರು ಬಿಳಿ ಅಂಗಿ, ಶಾಲು ಸಮೇತ ತಯಾರಾಗಿದ್ದರು. ಮೂಗಿನ ಕೆಳಗೆ ಮಾತ್ರ ಬಯಲು.

‘ನೋಡಪ್ಪ, ಅವರ ಪಟ ಅಂತ ಮನೇಲಿ ಒಂದೂ ಇಲ್ಲ,’ ಎಂದರು ನಿಂಗಮ್ಮ. ‘ಮೊಮ್ಮಕ್ಕಳು ತಾತ ಎಂಗಿದ್ದ ಅಂತ ಕೇಳ್ತಾವೆ. ಮೀಸೆ ಇಲ್ದಿದ್ರೆ ಅವರು ಅವರಂಗೇ ಕಾಣಾಕಿಲ್ಲ. ಮೀಸೆ ಒಂದು ಸರ್ಯಾಗಿ ಬರುಸ್ಕೊಡು.’

ಈ ಮಾತು ಕೇಳಿದ ಮೇಲೆ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಆದರೆ ಹೆದರಿಕೆಯಾದಾಗ ಧೈರ್ಯದ ಮುಖ ಮಾಡುವುದನ್ನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಯಾರೂ ಕಲಿಸಬೇಕಿಲ್ಲ. ‘ಹೊಸದರಲ್ಲಿ ನೂರಾರು ಬ್ರಷ್ ಇವೆ’ ಎಂದು ಘೋಷಿಸಿ ಪೆನ್ನು ಕೈಗೆತ್ತಿಕೊಂಡೆ. ಇದ್ದವು, ನಿಜ. ಮೋಡಕ್ಕೆ ಇತ್ತು, ನೀರಿಗೆ ಇತ್ತು, ಎಲೆಗೆ ಇತ್ತು. ಮೀಸೆಗೆ ಇರಲಿಲ್ಲ. ಹುಲ್ಲಿನದು ಹತ್ತಿರದ್ದೆನಿಸಿ ಅದನ್ನೇ ಆರಿಸಿ ಎಳೆದೆ. ನಿಂಗಮ್ಮ ಮುಂದಕ್ಕೆ ಬಗ್ಗಿ ನೋಡಿ, ‘ಇದೇನ್ ಮಗಾ, ಮೂಗ್ನ ಕೆಳಗೆ ರಾಗಿ ಪೈರು ಎದ್ದಂಗೈತೆ?’ ಎಂದರು. ಅದನ್ನು ಒರೆಸಿ, ಪ್ರಾಣಿಗಳ ತುಪ್ಪಳಕ್ಕೆಂದು ಇದ್ದ ಬ್ರಷ್ ಹಿಡಿದೆ. ಯಜಮಾನರು ಹಾಲು ಕುಡಿದು ಬಂದ ಬೆಕ್ಕಿನಂತೆ ನಮ್ಮನ್ನೇ ನೋಡತೊಡಗಿದರು. ಶಶಿಕಲಾ ಮುಖ ಆ ಕಡೆ ತಿರುಗಿಸಿಕೊಂಡಳು. ಅತ್ತಳೋ ನಕ್ಕಳೋ, ಕೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಬ್ರಷ್ಷಿನ ಸಹವಾಸವೇ ಬೇಡವೆಂದು ಒಂದೊಂದೇ ಕೂದಲು ಬರೆಯಲು ಕೂತೆ. ಹೊಸದರಲ್ಲಿ ಪೆನ್ನು ಒತ್ತಿದಷ್ಟೂ ಗೆರೆ ದಪ್ಪ, ಸಡಿಲ ಬಿಟ್ಟರೆ ಸಣ್ಣ. ಶುರುವಿನಲ್ಲಿ ಹುಮ್ಮಸ್ಸಿನಿಂದ ಒತ್ತಿದ್ದೆ. ಆ ಕಡೆ ತಲುಪುವಷ್ಟರಲ್ಲಿ ಕೈ ಬೆವೆತು ಹಿಡಿತ ತಪ್ಪಿತ್ತು. ಒಂದು ಕಡೆ ಪೊದೆ, ಇನ್ನೊಂದು ಕಡೆ ನಾಲ್ಕಾರು ಎಳೆ. ನಾನು ಜೀವನದಲ್ಲಿ ಬರೆದ ಅತ್ಯಂತ ಕೆಟ್ಟ ಮೀಸೆ ಅದು. ನಾಚಿಕೆಯಾಗಿ, ಬೇರೆಯವರು ಸರಿಯಾಗಿ ನೋಡುವ ಮೊದಲೇ ಅಳಿಸಿಬಿಡೋಣವೆಂದು ಕೀಬೋರ್ಡಿನ ಎರಡು ಗುಂಡಿ ಒತ್ತಿದೆ. ಹಳೆಯ ಸಾಫ್ಟ್‌ವೇರಿನಲ್ಲಿ ಅವನ್ನು ಒತ್ತಿದರೆ ಕಡೆಯ ಗೆರೆ ಹೋಗುತ್ತಿತ್ತು. ಹೊಸದರಲ್ಲಿ ಅದರ ಅರ್ಥವೇ ಬೇರೆ. ಊರಿಗೆಲ್ಲ ಪಾಠ ಹೇಳಿದವನ ಬೆರಳು ಹಳೆಯ ಮನೆಗೇ ಹೋಗಿ ಚಪ್ಪಲಿ ಬಿಟ್ಟಿತ್ತು. ಮೀಸೆ, ಮೂಗು, ಕಣ್ಣು, ಮುಖ ಎಲ್ಲವೂ ಒಟ್ಟಿಗೇ ಮಾಯವಾಗಿ ಬಿಳಿ ಅಂಗಿ, ಶಾಲು ಮಾತ್ರ ಉಳಿದವು.

‘ಅಯ್ಯೋ ಶಿವನೇ, ಇನ್ನೊಂದ್ ಸಲ ಓಗ್ಬುಟ್ರಾ!’ ಎಂದು ನಿಂಗಮ್ಮ ಎದ್ದು ನಿಂತರು. ‘ಯಾಕಪ್ಪಾ ಅಳಿಸ್ದೆ? ಅದೇ ಅವರು! ಈಗ ಬಂದಿದ್ರಲ್ಲ, ಅದೇ ಕಣಪ್ಪ ನಮ್ಮೋರು!’

ನನಗೆ ಅರ್ಥವಾಗಲಿಲ್ಲ. ‘ಯಾವುದಮ್ಮ? ಆ ಒಂದು ಕಡೆ ದಪ್ಪ, ಒಂದು ಕಡೆ...’

‘ಊಂ, ಅದೇಯ. ಬೀಡಿ ಸೇದ್ತಿದ್ರಲ್ಲ, ಯಾವಾಗ್ಲೂ ಒಂದೇ ಪಕ್ಕ ಇಟ್ಕಂಡು. ತುದಿಗಂಟ ಸೇದ್ದೆ ಬುಡ್ತಿರ್ನಿಲ್ಲ. ಆ ಪಕ್ಕದ ಮೀಸೆ ಸುಟ್ಟು ಸುಟ್ಟು ಅಂಗೇ ಆಗಿತ್ತು. ಅದಕ್ಕೆ ನಾನು ಬಯ್ದಿದ್ದು ಎಷ್ಟು ಅಂತೀಯ! ಈಗ ಬಯ್ಯಾಕೆ ಯಾರವ್ರೆ?’

ನನ್ನ ಕಣ್ಣೂ ಒದ್ದೆಯಾಯಿತು, ಅದನ್ನು ಮುಚ್ಚಿಡುವುದೇಕೆ? ಆಮೇಲೆ ಪೆನ್ನು ಕೆಳಗಿಟ್ಟು, ಗುಂಡಿಗಳ ಸುದ್ದಿಗೇ ಹೋಗದೆ, ಮೌಸ್ ಹಿಡಿದು ಒಂದೊಂದೇ ಮೆನು ತೆರೆದು ತಡಕಾಡಿದೆ. ಆ ಮೀಸೆಯನ್ನು ಮತ್ತೆ ಬರೆ ಎಂದರೆ ನನ್ನಿಂದ ಸಾಧ್ಯವಿರಲಿಲ್ಲ. ಅಷ್ಟು ಕೆಟ್ಟದಾಗಿ ಬೇಕೆಂದೇ ಬರೆಯುವುದು ಸುಲಭವಲ್ಲ. ದೇವರ ದಯೆ, ಎಲ್ಲೋ ಒಂದು ಕಡೆ ಒತ್ತಿದಾಗ ಯಜಮಾನರು ಮೀಸೆ ಸಮೇತ ವಾಪಸು ಬಂದರು. ನಿಂಗಮ್ಮ ಸೆರಗಿನಿಂದ ಪರದೆಯ ಧೂಳು ಒರೆಸಿ, ‘ಬನ್ನಿ’ ಎಂದರು. ಯಾರಿಗೆ ಹೇಳಿದರೆಂದು ನಾವು ಕೇಳಲಿಲ್ಲ.

ಇಷ್ಟಾದ ಮೇಲೆ ಮರ್ಯಾದಸ್ತನಾದವನು ಬಾಯಿ ಮುಚ್ಚಿಕೊಂಡಿರುತ್ತಿದ್ದ. ನಾನು ಅದೇ ಸಂಜೆಯಿಂದ ಹಾಸನದಲ್ಲಿ, ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ ಸಿಕ್ಕಿದವರಿಗೆಲ್ಲ ‘ಹೊಸ ಸಾಫ್ಟ್‌ವೇರಿನ ಕೈಚಳಕ ನೋಡಿ, ಸತ್ತವರ ನಿಜವಾದ ಮೀಸೆಯನ್ನೇ ತಂದುಕೊಟ್ಟಿತು’ ಎಂದು ಹೇಳಿಕೊಂಡು ತಿರುಗಿದೆ. ರಾಗಿ ಪೈರಿನ ವಿಷಯ ಹೇಳಲಿಲ್ಲ. ಬೆಕ್ಕಿನದಂತೂ ಸುಧಾಳಿಗೂ ಹೇಳಲಿಲ್ಲ. ಚನ್ನರಾಯಪಟ್ಟಣದವರು ಪೂರ್ತಿ ಕೇಳಿ, ‘ಭಾರಿ ಚೆನ್ನಾಗೈತೆ ಸಾ’ ಎಂದು ಮತ್ತೆ ಕರೆಂಟು ತೆಗೆದರು.

ನನ್ನ ನಿವೃತ್ತಿಯ ಬೀಳ್ಕೊಡುಗೆಯ ದಿನ ಶಶಿಕಲಾ ಮತ್ತು ಲೋಕೇಶ ಇಬ್ಬರೂ ಶಾಲೆಗೆ ಬಂದರು. ನನಗೆಂದು ಆಳೆತ್ತರದ ಒಂದು ಫ್ಲೆಕ್ಸ್ ತಂದಿದ್ದರು. ಬಿಚ್ಚಿ ಹಿಡಿದಾಗ ಸಭೆಯೇ ಚಪ್ಪಾಳೆ ತಟ್ಟಿತು. ನನ್ನ ಮೀಸೆ ಇದೆಯೋ ಇಲ್ಲವೋ ಎಂದು ದೀಪ ಹಿಡಿದು ಹುಡುಕಬೇಕಾದಂಥದ್ದು. ಫ್ಲೆಕ್ಸಿನಲ್ಲಿದ್ದವನಿಗಾದರೋ ದಟ್ಟವಾದ, ಎರಡೂ ಕಡೆ ಸಮನಾದ, ತುದಿಯಲ್ಲಿ ತುಸು ಮೇಲೆದ್ದ ಮೀಸೆ! ಅದರ ಗುರುತು ನನಗೆ ಹತ್ತದಿರುತ್ತದೆಯೇ? ಮುದ್ರೆ ಒತ್ತುವುದು ಎಂದು ನಾನು ನಗಾಡಿದ ಮೀಸೆ ನನ್ನ ಮುಖಕ್ಕೆ ಎಷ್ಟು ಒಪ್ಪುತ್ತದೆಂದು ನೋಡಿ ನನಗೇ ಸಂಕೋಚವಾಯಿತು. ಗುರುವಿನ ಗತ್ತಿನಲ್ಲಿ, ‘ಪರವಾಗಿಲ್ಲ ಕಣಮ್ಮ, ಹೊಸದರಲ್ಲಿ ಕೈ ಚೆನ್ನಾಗಿ ಕುದುರಿದೆ’ ಎಂದೆ.

ಶಶಿಕಲಾ ಲೋಕೇಶನ ಮುಖ ನೋಡಿದಳು. ಲೋಕೇಶ ನೆಲ ನೋಡಿದ. ‘ಇಲ್ಲ ಸಾ,’ ಎಂದಳು ಅವಳು. ‘ಲೋಕೇಶಣ್ಣ ಹಳೇದ್ನ ಪೆನ್‌ಡ್ರೈವಲ್ಲಿ ತಂದ್ಕೊಟ್ಟಿದ್ರು. ಬೇರೆಯೋರ್‌ದಾಗಿದ್ರೆ ಹೊಸದ್ರಲ್ಲೇ ಮಾಡ್ಬೋದಿತ್ತು. ನಿಮ್ದಲ್ವಾ ಸಾ, ಕೆಟ್ಟೋಗಬಾರ್ದು ಅಂತ ಹಳೇದ್ರಲ್ಲೇ ಮಾಡ್ದೊ.’

ಅರ್ಧ ಬಣ್ಣದ ಮಾವಿನಹಣ್ಣು ನನಗೆ ಆಗ ಅರ್ಥವಾಯಿತು.

ಮನೆಗೆ ತಂದ ಮೇಲೆ ಸುಧಾ ಫ್ಲೆಕ್ಸನ್ನು ಸೋಫಾದ ಮೇಲೆ ಹರಡಿ, ಅತ್ತ ಇತ್ತ ನಿಂತು ನೋಡಿದಳು. ‘ಚೆನ್ನಾಗಿದ್ದೀರಿ ರೀ. ಮಡಚಬೇಡಿ, ಸುರುಳಿ ಸುತ್ತಿ ಬೀರುವಿನ ಮೇಲಿಡಿ. ಮುಂದೆ ಇನ್ನೊಂದು ಸಲ ಉಪಯೋಗಕ್ಕೆ ಬರುತ್ತೆ,’ ಎಂದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇಂಥ ಮಾತಿಗೆ ಬೇಜಾರು ಮಾಡಿಕೊಳ್ಳುವವನಲ್ಲ ನಾನು.

ಬೇಜಾರಾದದ್ದು ಆಮೇಲೆ. ಆ ಚಿತ್ರವನ್ನು ಫೋನಿಗೆ ಹಾಕಿಕೊಳ್ಳುವ ಆಸೆಯಾಗಿ ಶಶಿಕಲಾಳಿಂದ ಅದರ ಫೈಲು ತರಿಸಿಕೊಂಡೆ. ನನ್ನ ಕಂಪ್ಯೂಟರಿನಲ್ಲಿದ್ದದ್ದು ಹೊಸ ಸಾಫ್ಟ್‌ವೇರು ಮಾತ್ರ, ಅದರಲ್ಲೇ ತೆರೆದೆ. ಕಣ್ಣು ಬಂತು, ಮೂಗು ಬಂತು, ಬಿಳಿ ಅಂಗಿ, ಶಾಲು ಎಲ್ಲವೂ ಬಂದವು. ಮೀಸೆ ಮಾತ್ರ ಬರಲಿಲ್ಲ. ಮೂಗಿನ ಕೆಳಗಿನ ಬಯಲನ್ನು ನೋಡುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಇಷ್ಟು ಊರು ತಿರುಗಿ ನಾನು ಹಳೆಯದರಿಂದ ಹೊಸದಕ್ಕೆ ನಿಜವಾಗಿ ದಾಟಿಸಿದ್ದು ಒಬ್ಬನನ್ನೇ, ಮತ್ತು ಆ ಬಡಪಾಯಿ ನಾನೇ. ಸುಧಾ ಹಿತ್ತಲಿಗೆ ಹೋಗಲಿ ಎಂದು ಕಾದಿದ್ದು, ದನಿ ತಗ್ಗಿಸಿ ಲೋಕೇಶನಿಗೆ ಫೋನ್ ಮಾಡಿದೆ.

‘ಲೋಕೇಶಪ್ಪಾ, ಆ ಹಳೇದು ನಿನ್ನ ಹತ್ತಿರ ಇನ್ನೊಂದು ಕಾಪಿ ಇದೆಯೇನಪ್ಪ?’

ಆ ಕಡೆಯಿಂದ ಬಹಳ ವಿನಯದ ದನಿ ಬಂತು. ‘ಐತೆ ಸಾ, ಇಲ್ದೆ ಏನು. ಆದ್ರೆ ಅದ್ಯಾಕೆ ಸಾ ನಿಮ್ಗೆ? ಅದಕ್ಕಿಂತ ಒಳ್ಳೇದು ಒಂದೈತಲ್ಲ!’