ಕೆಂಪು ಗಾಡಿಯ ಮೇಲೆ ಮೀಸೆಯ ಪಣ

ಎಲ್ಲಕ್ಕೂ ಕಾರಣ ಗಾಡಿಯ ಕೆಳಗೆ ಬಿದ್ದಿದ್ದ ಅಂಗೈಯಗಲ ಹಸಿರು ನೀರು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ದುರುಗೇಶ ಅದನ್ನು ಬೆರಳಲ್ಲಿ ಮುಟ್ಟಿ ಮೂಸಿ ನೋಡುತ್ತಿದ್ದಾಗ, ಎದುರಿನ ಟೀ ಅಂಗಡಿಯಲ್ಲಿ ಮೆಕ್ಯಾನಿಕ್ ಗಾದ್ರಪ್ಪ ಗ್ಲಾಸು ಹಿಡಿದು ನಿಂತಿದ್ದ. ಅವನು ಅಲ್ಲಿ ನಿಂತಿರದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ದುರುಗೇಶ ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಮೆಷಿನ್ ನೋಡಿಕೊಳ್ಳುವವ. ಊರಿನವರೆಲ್ಲ ದುಡ್ಡು ಕೂಡಿಟ್ಟು ಸೈಟು ತಗೊಂಡರೆ, ಇವನು ಹುಬ್ಬಳ್ಳಿಯ ಯಾರೋ ಕಂಟ್ರಾಕ್ಟರ್ ಓಡಿಸಿ ಸಾಕಾಗಿ ಬಿಟ್ಟ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ತಗೊಂಡಿದ್ದ. ಎರಡು ಲಕ್ಷ ಹದಿನಾರು ಸಾವಿರ ಕಿಲೋಮೀಟರ್ ಓಡಿದ ಗಾಡಿ. ನೆಲದಿಂದ ಒಂದು ಗೇಣು ಎತ್ತರ. ಒಳಗೆ ಕೂರುವುದಕ್ಕೆ ಬಾವಿಗೆ ಇಳಿದಂತೆ ಇಳಿಯಬೇಕು, ಏಳುವುದಕ್ಕೆ ಯಾರಾದರೂ ಕೈ ಕೊಡಬೇಕು. ಆದರೂ ಅದರ ಪಕ್ಕ ನಿಂತಾಗ ದುರುಗೇಶನ ಮೀಸೆ ತಾನಾಗಿಯೇ ಮೇಲಕ್ಕೆ ತಿರುಗುತ್ತಿತ್ತು. ಮೀಸೆಯೂ ಅಂಥದ್ದೇ, ದಪ್ಪಗೆ, ಕಪ್ಪಗೆ, ಎರಡೂ ಕಡೆ ಹುರಿ ಮಾಡಿದ್ದು.

"ಲೇ ದುರುಗೇಶ, ರೇಡಿಯೇಟರ್ ಪೈಪ್ ಹೋಗೈತೆ. ಎಳ್ಕೊಂಡು ಬಂದು ನಮ್ ಶೆಡ್ಡಿಗೆ ಹಾಕು," ಎಂದ ಗಾದ್ರಪ್ಪ, ನಿಂತಲ್ಲಿಂದಲೇ ರೋಗಿಯ ನಾಡಿ ಹಿಡಿದವನಂತೆ.

"ನನ್ ಗಾಡಿ ನಾನೇ ಮಾಡ್ಕೊಂತೀನಿ."

"ಶೇಂಗಾ ಹಿಂಡಿದಂಗಲ್ಲಪ್ಪ ಇದು. ನಿನ್ ಕೈಲಾಗೋ ಕೆಲಸ ಅಲ್ಲ."

ಟೀ ಕುಡಿಯುತ್ತಿದ್ದ ನಾಲ್ಕೈದು ಜನ ನಕ್ಕರು. ಆ ನಗು ಇಲ್ಲದಿದ್ದರೆ ದುರುಗೇಶ ಬಹುಶಃ ಹತ್ತು ಗಂಟೆಯ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲೇ ಇರುತ್ತಿದ್ದ. ನಾಲ್ಕು ಜನ ನಕ್ಕ ಮೇಲೆ ಬುದ್ಧಿವಂತನೂ ಬುದ್ಧಿ ಉಪಯೋಗಿಸುವುದಿಲ್ಲ, ಇವನಂತೂ ದುರುಗೇಶ. ಹೆಂಡತಿ ಗೀತಮ್ಮ ವಾರದಿಂದ ದೇವಸಮುದ್ರದ ತವರಿನಲ್ಲಿದ್ದಳು. ಅವಳನ್ನು ಅವತ್ತೇ ಕರೆತರಬೇಕಿತ್ತು.

"ಯಾವ ಮೆಕ್ಯಾನಿಕ್ ಕೈಯೂ ಸೋಕದಂಗೆ ನಾನೇ ರಿಪೇರಿ ಮಾಡಿ, ಹೊತ್ತು ಮುಳುಗೋದ್ರೊಳಗೆ ದೇವಸಮುದ್ರ ಮುಟ್ಟಿಸ್ತೀನಿ. ಆಗ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ಕೊಂತೀನಿ, ನಿನ್ ಶೆಡ್ಡಿನ ಮುಂದೇನೇ."

"ಮುಟ್ಟಿದ್ದಕ್ಕೆ ಫೋಟೋ ಬರ್ಬೇಕು," ಎಂದ ಗಾದ್ರಪ್ಪ. "ಮುಟ್ಟಿಸಿದ್ರೆ ಇದೇ ಅಂಗಡಿ ಮುಂದೆ ನಿನ್ನ ಗುರುವೇ ಅಂತ ಕರೀತೀನಿ." ಅವನಿಗೆ ಪಣಕ್ಕಿಡಲು ಮೀಸೆಯೇ ಇರಲಿಲ್ಲ.

ಸುದ್ದಿ ಮನೆಯೊಳಗೆ ಹೋದದ್ದೇ ತಡ, ದುರುಗೇಶನ ಅಪ್ಪ ಮಾರಯ್ಯ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ.

"ಲೇ, ನಾನಿನ್ನೂ ಬದುಕೀನಿ."

"ಯಾರು ಇಲ್ಲ ಅಂದ್ರಪ್ಪ?"

"ಅಪ್ಪ ಸತ್ ಮ್ಯಾಲೆ ತೆಗಿಸೋ ಮೀಸೆನ ಪಣಕ್ಕಿಟ್ಟೀಯಲ್ಲ. ನೀನು ಬೋಳಿಸ್ಕೊಂಡು ಬೀದೀಲಿ ಓಡಾಡಿದ್ರೆ ಕಂಡೋರು ನನ್ನ ಏನಂತ ತಿಳ್ಕೊಂತಾರೆ?"

ಮಾತು ನಿಜವೇ ಆಗಿತ್ತು. ಆ ಕಡೆ ಮೀಸೆ ಇಲ್ಲದ ಮಗನನ್ನು ಕಂಡರೆ ಜನ ಮೊದಲು ಕೇಳುವುದು ಅಪ್ಪನ ತಿಥಿ ಯಾವತ್ತು ಅಂತ. ಹೀಗಾಗಿ ಮಾರಯ್ಯನಿಗೆ ಆ ಕಾರಿನ ಆರೋಗ್ಯ ತನ್ನ ಆರೋಗ್ಯವೇ ಆಯಿತು. ಜಗುಲಿಯ ಮೇಲೆ ಕಂಬಳಿ ಹಾಸಿ ಕಾವಲಿಗೆ ಕೂತ. ಅವ್ವ ಜುಂಜಮ್ಮ ಮಾತ್ರ ಒಳಗೆ ಹೋಗಿ ದೇವರ ಗೂಡಿನ ಮುಂದೆ ಕೂತವಳು ಅರ್ಧ ಗಂಟೆ ಏಳಲಿಲ್ಲ.

ಮೊದಲ ತೊಂದರೆ, ಗಾಡಿಯ ಕೆಳಗೆ ದುರುಗೇಶ ಹಿಡಿಸುತ್ತಿರಲಿಲ್ಲ. ಜ್ಯಾಕ್ ಹಾಕಿ, ಚಪ್ಪಡಿ ಕಲ್ಲುಗಳನ್ನು ಒಂದರ ಮೇಲೊಂದು ಕೊಟ್ಟು, ಗಾಡಿಯನ್ನು ಮೊಣಕಾಲೆತ್ತರ ಮಾಡುವಷ್ಟರಲ್ಲಿ ಒಂಬತ್ತೂವರೆ. ಫೋನನ್ನು ಟೈರಿಗೆ ಆನಿಸಿ ರಿಪೇರಿಯ ವಿಡಿಯೋ ಹಾಕಿಕೊಂಡ. ವಿಡಿಯೋದಲ್ಲಿದ್ದವನ ಕೈಗಳು ಸ್ನಾನ ಮಾಡಿ ಬಂದವನ ಕೈಗಳಂತಿದ್ದವು. ದುರುಗೇಶನ ಕೈಗಳು ಐದೇ ನಿಮಿಷದಲ್ಲಿ ಮಸಿಯಾದವು.

ಪೈಪು ಬಿಚ್ಚುವುದಕ್ಕೆ ಮೊದಲು ಎಂಜಿನ್ ಆಯಿಲನ್ನೂ ಬದಲಾಯಿಸಿಬಿಡೋಣ ಎನಿಸಿತು. ಹೇಗೂ ಮಲಗಿದ್ದೇನಲ್ಲ ಎಂಬ ಲೆಕ್ಕ. ಕೆಳಗಿನ ಬೋಲ್ಟು ತಿರುಗಿಸಿ, ಬಟ್ಟೆ ನೆನೆಸುವ ಅಗಲ ಬೋಗುಣಿಗೆ ಎಣ್ಣೆ ಬಿಟ್ಟ. ಬೋಗುಣಿಯನ್ನು ಪಕ್ಕಕ್ಕೆ ತಳ್ಳಿ ಹೊಸ ಎಣ್ಣೆ ಸುರಿಯುತ್ತಿದ್ದಾಗ ಪಕ್ಕದ ಮನೆಯ ಅನ್ನಪೂರ್ಣಮ್ಮನ ಬಿಳಿ ಕೋಳಿ ಅದೇನು ತಿನ್ನುವುದಿದೆಯೋ ನೋಡೋಣವೆಂದು ಬಂದು ಬೋಗುಣಿಯೊಳಗೇ ಬಿತ್ತು. ಬಿಳಿಯದಾಗಿ ಹೋದದ್ದು ಕರಿಯದಾಗಿ ಎದ್ದು ಬಂತು. ಮನೆಗೆ ಹೋಗಿ ಬಾಗಿಲಲ್ಲಿ ನಿಂತರೆ ಅನ್ನಪೂರ್ಣಮ್ಮ, "ಯಾರ್ ಮನೆ ಕೋಳಿನೋ ಇದು," ಎಂದು ಪೊರಕೆಯಲ್ಲಿ ಅಟ್ಟಿದಳು. ಆಮೇಲೆ ಬೀದಿಯೆಲ್ಲ ಸುತ್ತಿ ತನ್ನ ಬಿಳಿ ಕೋಳಿಯನ್ನು ಹುಡುಕಿದಳು. ಕರಿ ಕೋಳಿ ಅವಳ ಹಿಂದೆಯೇ ಸುತ್ತಿತು.

"ದುರುಗೇಶ, ನನ್ ಕೋಳಿ ಕಂಡ್ಯಾ?"

"ಬಿಳೀದು ಕಾಣ್ಲಿಲ್ಲ ಅಕ್ಕ," ಎಂದ ದುರುಗೇಶ ಗಾಡಿಯ ಕೆಳಗಿನಿಂದ. ಸುಳ್ಳೇನೂ ಹೇಳಲಿಲ್ಲ.

ಎಂಜಿನ್‌ನಲ್ಲಿ ಎಣ್ಣೆ ಎಷ್ಟಿದೆಯೆಂದು ಕಡ್ಡಿ ಅದ್ದಿ ನೋಡಿದ. ಗುರುತು ದಾಟಿ ಕಡ್ಡಿಯ ಅರ್ಧದವರೆಗೂ ಎಣ್ಣೆ. ನಾಲ್ಕು ಲೀಟರ್ ಖಾಲಿ ಮಾಡಿ ನಾಲ್ಕು ಲೀಟರ್ ಹಾಕಿದರೆ ಎಂಟು ಲೀಟರ್ ಆಗುವುದು ಹೇಗೆ? ವಿಡಿಯೋವನ್ನು ಹಿಂದಕ್ಕೆ ಓಡಿಸಿ ನೋಡಿದ. ಅವನು ಬಿಚ್ಚಿದ್ದು ಎಂಜಿನ್ನಿನ ಬೋಲ್ಟಲ್ಲ, ಗೇರ್ ಬಾಕ್ಸಿನದು. ಈಗ ಎಂಜಿನ್ನಿಗೆ ಅಜೀರ್ಣ, ಗೇರ್ ಬಾಕ್ಸಿಗೆ ಉಪವಾಸ.

ಎದುರಿನಿಂದ ಗಾದ್ರಪ್ಪ ಕೂಗಿದ. ಅವನು ಅಷ್ಟು ಹೊತ್ತಿಗೆ ಟೀ ಅಂಗಡಿಯ ಕುರ್ಚಿಯನ್ನು ರಸ್ತೆಯಂಚಿಗೇ ಎಳೆದುಕೊಂಡಿದ್ದ. "ಏನಾತು?"

"ಏನಿಲ್ಲ. ಎರಡ್ ಸಲ ತೊಳೀಬೇಕು ಎಂಜಿನ್ನು. ಹೊಸ ಪದ್ಧತಿ."

"ಹೌದೌದು, ನಾವ್ ಓದಿಲ್ಲ ಬಿಡು."

ದುರುಗೇಶ ಮತ್ತೆ ಮಲಗಿದ, ಸರಿಯಾದ ಬೋಲ್ಟು ಬಿಚ್ಚಿದ, ಮೊಪೆಡ್ಡಿನಲ್ಲಿ ಅಂಗಡಿಗೆ ಹೋಗಿ ಎರಡೂ ಥರದ ಎಣ್ಣೆ ತಂದು ಎರಡನ್ನೂ ತುಂಬಿದ. ಬೆನ್ನು ಮುರಿಯುತ್ತಿತ್ತು, ಊಟ ಮಾಡಿರಲಿಲ್ಲ. ಒಂದು ಸಲ ಎದ್ದು ಕೂತು, ಸಾಕು, ಸೋತೆ ಎಂದುಬಿಡಲೇ ಎಂದೂ ಅನಿಸಿತು. ಅಷ್ಟರಲ್ಲಿ ಗಾದ್ರಪ್ಪ ಹೋಟೆಲಿನಿಂದ ಮಂಡಕ್ಕಿ ಒಗ್ಗರಣೆ ತರಿಸಿಕೊಂಡು, ಆಟ ನೋಡುವವನಂತೆ ಕಾಲ ಮೇಲೆ ಕಾಲು ಹಾಕಿ ತಿನ್ನತೊಡಗಿದ. ದುರುಗೇಶ ಮೀಸೆಗೆ ಒಂದು ಸಲ ಕೈ ಹಾಕಿ, ಅದಕ್ಕೂ ಒಂದಿಷ್ಟು ಗ್ರೀಸು ಬಳಿದುಕೊಂಡು, ಮತ್ತೆ ಕೆಳಗೆ ನುಸುಳಿದ. ನನ್ನನ್ನು ಕೇಳಿದರೆ ಆ ಮನುಷ್ಯ ಗೆದ್ದದ್ದು ಆಗಲೇ.

ರೇಡಿಯೇಟರ್ ಪೈಪು ಉದ್ದಕ್ಕೆ ಸೀಳಿತ್ತು. ಅಂಥದ್ದು ಬೆಂಗಳೂರಿನಿಂದ ಬರಬೇಕು, ನಾಲ್ಕು ದಿನ ಎಂದರು ಅಂಗಡಿಯವರು. ದುರುಗೇಶ ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಪಟ್ಟಿ ಕತ್ತರಿಸಿ, ಮಿಲ್ಲಿನ ಪೈಪಿಗೆ ಸುತ್ತುವ ಹಾಗೆ ಎಳೆದೆಳೆದು ಸುತ್ತಿ, ಮೇಲೆ ತಂತಿ ಬಿಗಿದ. ಇಡೀ ದಿನದಲ್ಲಿ ಯಾವ ವಿಡಿಯೋವನ್ನೂ ನೋಡದೆ ಮಾಡಿದ ಕೆಲಸ ಅದೊಂದೇ. ಅದೊಂದೇ ಸರಿಯಾಗಿಯೂ ಆಯಿತು.

ಮೂರು ಗಂಟೆಗೆ ಕೀ ತಿರುಗಿಸಿದರೆ ಬ್ಯಾಟರಿ ಸತ್ತಿತ್ತು. ತಳ್ಳುವುದಕ್ಕೆ ಬೀದಿಯೇ ಬಂತು. ಮಾರಯ್ಯ ಎಲ್ಲರಿಗಿಂತ ಮುಂದೆ. ಗಾದ್ರಪ್ಪನೂ ಅಭ್ಯಾಸಬಲದಿಂದ ಎದ್ದು ಬಂದು ಡಿಕ್ಕಿಯ ಮೇಲೆ ಕೈ ಇಡಲು ಹೋದ.

"ಕೈ ತೆಗಿ," ದುರುಗೇಶ ಒಳಗಿನಿಂದ ಗದರಿದ. "ನೀನು ಮುಟ್ಟಿದ್ರೆ ನಾನು ಸೋತಂಗೆ."

"ಅಯ್ಯೋ, ಮನುಷ್ಯತ್ವಕ್ಕೆ ತಳ್ತೀನಿ ಕಣಪ್ಪ."

"ನಿನ್ ಮನುಷ್ಯತ್ವ ನಾಳೆಗಿಟ್ಕೊ."

ಗಾಡಿ ಎರಡು ಸಲ ಕೆಮ್ಮಿ, ಬೀದಿಯ ನಾಯಿಗಳೆಲ್ಲ ಓಡುವಂತೆ ಗುಡುಗಿ, ಸ್ಟಾರ್ಟ್ ಆಯಿತು. ಮಾರಯ್ಯ ಕಂಬಳಿಯಿಂದ ಮುಖ ಒರೆಸಿಕೊಂಡು, "ಉಳ್ಕೊಂಡೆ," ಎಂದ.

ಹೊರಡುವಾಗ ಜುಂಜಮ್ಮ ಕೈಚೀಲ ಹಿಡಿದು ತಾನೂ ಬರುತ್ತೇನೆಂದಳು. ಹಿಂದಿನ ಸೀಟೆಂದರೆ ಹೆಸರಿಗೆ ಸೀಟು, ಸೊಸೆಯನ್ನು ಕರೆದುಕೊಂಡು ಮೂವರು ಬರುವುದು ಹೇಗೆಂದು ದುರುಗೇಶ ಕೇಳಿದ. "ನಾನು ಮಡಚ್ಕೊಂಡು ಕೂತ್ಕೊಂತೀನಿ, ನಡಿ," ಎಂದು ಅವಳು ಆಗಲೇ ಒಳಗೆ ಇಳಿದಿದ್ದಳು.

ದಾರಿಯ ಕತೆ ಹೇಳಿದರೆ ಅಳು ಬರುತ್ತದೆ, ಆದರೆ ಅವತ್ತು ನೋಡಿದವರು ನಕ್ಕರು. ತಳಕು ಹತ್ತಿರ ಎಂಜಿನ್ ಬಿಸಿ ಏರತೊಡಗಿತು. ಎಂಜಿನ್ನಿನ ಶಾಖ ಒಳಗೆ ಎಳೆದುಕೊಂಡರೆ ಅದು ತಣ್ಣಗಾಗುತ್ತದೆಂದು ವಿಡಿಯೋದವನು ಹೇಳಿದ್ದ. ಏಪ್ರಿಲ್ ಬಿಸಿಲಲ್ಲಿ ದುರುಗೇಶ ಹೀಟರ್ ಪೂರ್ತಿ ಹಾಕಿ ಓಡಿಸಿದ. ತಾಯಿ ಮಗ ಇಬ್ಬರೂ ಇಡ್ಲಿಯಂತೆ ಬೆಂದರು. ಇನ್ನು ಹಂಪು. ಜುಂಜಮ್ಮ ಕೂತಿದ್ದರೆ ಗಾಡಿಯ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಹಾಗಾಗಿ ಹಂಪು ಬಂದಾಗಲೆಲ್ಲ ಅವಳು ಇಳಿಯಬೇಕು, ಗಾಡಿ ದಾಟಬೇಕು, ಅವಳು ನಡೆದು ಬಂದು ಮತ್ತೆ ಇಳಿದು ಕೂರಬೇಕು. ಬಿ.ಜಿ. ಕೆರೆಯಲ್ಲಿ ಒಂದೇ ಸಾಲಿಗೆ ಮೂರು ಹಂಪು. ಆ ಮೂರಕ್ಕೂ ಅವಳು ನಡೆದೇ ಬಂದಳು. ಸ್ಪೋರ್ಟ್ಸ್ ಕಾರನ್ನು ಒಂದು ಎತ್ತಿನ ಗಾಡಿ ಹಿಂದೆ ಹಾಕಿತು.

"ಯಾಕಪ್ಪಾ ಇದು? ಬಸ್ಸೈತಲ್ಲ," ಎಂದಳು ಜುಂಜಮ್ಮ.

"ಬಸ್ಸು ನಂದಲ್ಲವ್ವ," ಎಂದ ದುರುಗೇಶ.

ಐದೂಕಾಲಿಗೆ ದೇವಸಮುದ್ರ ಕಂಡಿತು. ಊರ ಹೊರಗಿನ ಗುಡ್ಡದ ಕೆಳಗೆ ಮನೆದೇವತೆ ಮಾರಮ್ಮನ ಗುಡಿ. ಅದರ ಮುಂದೆ ಬೇವಿನ ಮರದ ನೆರಳಲ್ಲಿ ಗೀತಮ್ಮ, ಅವಳ ತಮ್ಮ ಅಂಜಿನೇಯ, ಇನ್ನೊಬ್ಬ ಮುದುಕ ನಿಂತಿದ್ದರು. ದುರುಗೇಶ ಗಾಡಿ ನಿಲ್ಲಿಸಿ, ಅಂಜಿನೇಯನ ಕೈ ಹಿಡಿದು ಮೇಲೆದ್ದು, ಗ್ರೀಸು ಹತ್ತಿದ ಮೀಸೆಯನ್ನು ಎರಡೂ ಕೈಯಲ್ಲಿ ಹುರಿ ಮಾಡಿದ. ಹೊತ್ತು ಮುಳುಗಲು ಇನ್ನೂ ಒಂದು ಗಂಟೆಗೂ ಮೀರಿ ಇತ್ತು.

"ಏಂ ಬಾವ, ಗೆಲ್ಚಾವಾ?" ಅಂಜಿನೇಯ ಆ ಗಡಿಯ ತೆಲುಗಿನಲ್ಲಿ ಕೇಳಿ ಬೆನ್ನು ತಟ್ಟಿದ.

"ಗೆದ್ದೆ ಕಣಪ್ಪ. ಗೀತಾ, ನಿನ್ ಫೋನ್ ತಗಿ. ನಂದು ವಿಡಿಯೋ ನೋಡಿ ನೋಡಿ ಸತ್ತೈತೆ. ಒಂದು ಫೋಟೋ ಹೊಡಿ, ಮೀಸೆ ಚೆನ್ನಾಗಿ ಕಾಣ್ಬೇಕು."

"ಫೋಟೋ ಆಮ್ಯಾಲೆ," ಎಂದಳು ಜುಂಜಮ್ಮ. "ಮೊದ್ಲು ದೇವ್ರ ಕೆಲಸ. ಅಂಗಿ ಬಿಚ್ಚಿ ಕಲ್ ಮ್ಯಾಲೆ ಕುತ್ಕೊ."

ಮುದುಕ ಮುಂದೆ ಬಂದ. ಅವನ ಕೈಯಲ್ಲಿ ಕ್ಷೌರದ ಕತ್ತಿ ಇತ್ತು.

"ಏನವ್ವ ಇದು?"

"ಹರಕೆ ಕಣಪ್ಪ. ನೀನು ಬೆಳಿಗ್ಗೆ ಅಂಥಾ ಮಾತಾಡಿದ್ಯಲ್ಲ, ನನ್ನೆದೆ ಒಡ್ದೋತು. ಆಗ್ಲೇ ಬೇಡ್ಕೊಂಡೆ. ತಾಯಿ, ಆ ಗಾದ್ರಪ್ಪನ ಮುಂದೆ ನನ್ ಮಗನ ಮೀಸೆ ಹೋಗದಂಗೆ ನೋಡ್ಕೊ, ಇವತ್ತೇ ಕರ್ಕೊಂಬಂದು ತಲೆ, ಗಡ್ಡ, ಮೀಸೆ ಎಲ್ಲಾ ನಿಂಗೇ ಕೊಡಿಸ್ತೀನಿ ಅಂತ. ದೇವ್ರಿಗೆ ಕೊಟ್ರೆ ನಿಮ್ಮಪ್ಪಂಗೂ ದೋಷ ಇಲ್ಲ. ಗೀತಂಗೂ ಆಗ್ಲೇ ಫೋನ್ ಮಾಡಿ ಎಲ್ಲಾ ರೆಡಿ ಮಾಡ್ಸಿದ್ದೆ."

ದುರುಗೇಶ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ. "ಅವ್ವ, ಮೀಸೆ ಉಳಿಸ್ಕೊಳ್ಳೋಕೇ ನಾನು ಬೆಳಗಿಂದ ಸತ್ತಿದ್ದು."

"ಅದಕ್ಕೇ ಅಮ್ಮ ಉಳಿಸಿದ್ಲು."

"ಅಮ್ಮ ಅಲ್ಲ. ನಾನು, ನನ್ ಸ್ಪ್ಯಾನರ್ರು, ಸೈಕಲ್ ಟ್ಯೂಬು. ಕೊಡಲ್ಲ ನಾನು. ಬೇಕಾದ್ರೆ ಟ್ಯೂಬು ಕೊಡ್ತೀನಿ."

"ಸರಿ, ಕೊಡ್ಬ್ಯಾಡ," ಎಂದಳು ಜುಂಜಮ್ಮ ಶಾಂತವಾಗಿ. "ಹರಕೆ ತೀರಿಸ್ದೆ ಗಾಡಿ ಹತ್ತು. ವಾಪಸ್ ಅಷ್ಟೇ ದೂರ ಐತೆ."

ದುರುಗೇಶ ಗಾಡಿಯತ್ತ ನೋಡಿದ. ಬಾನೆಟ್ಟಿನ ಕೆಳಗಿನಿಂದ ಸಣ್ಣಗೆ ಹಬೆ ಏಳುತ್ತಿತ್ತು. ಗಾದ್ರಪ್ಪನನ್ನು ಎದುರು ಹಾಕಿಕೊಳ್ಳಬಹುದು, ಇಡೀ ಬೀದಿಯನ್ನೇ ಎದುರು ಹಾಕಿಕೊಳ್ಳಬಹುದು, ಎರಡು ಲಕ್ಷ ಹದಿನಾರು ಸಾವಿರ ಕಿಲೋಮೀಟರ್ ಓಡಿದ ಗಾಡಿಯಲ್ಲಿ ಕೂತು ಮಾರಮ್ಮನನ್ನು ಎದುರು ಹಾಕಿಕೊಳ್ಳುವ ಗಂಡು ಇನ್ನೂ ಹುಟ್ಟಿಲ್ಲ. ಅವನು ಅಂಗಿ ಬಿಚ್ಚಿದ.

ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಹಸಿ ಅರಿಶಿನ ಬಳಿದ ಬೋಳು ತಲೆಯೊಂದಿಗೆ, ಮೇಲ್ದುಟಿಗೆ ಗಾಳಿ ತಾಕಿ ನಡುಗುತ್ತ, ದುರುಗೇಶ ಗಾಡಿಯ ಪಕ್ಕ ನಿಂತ. ಗೀತಮ್ಮ ಅಭಿಮಾನದಿಂದ ಫೋಟೋ ಹೊಡೆದು ಗಾದ್ರಪ್ಪನಿಗೆ ಕಳಿಸಿದಳು. ತನ್ನ ಸ್ಟೇಟಸ್ಸಿಗೂ ಹಾಕಿದಳು. ಎರಡೇ ನಿಮಿಷಕ್ಕೆ ಅವಳ ಫೋನಿಗೇ ಗಾದ್ರಪ್ಪನ ಕರೆ ಬಂತು.

"ದುರುಗೇಶ, ಬೇಜಾರ್ ಮಾಡ್ಕೊಬ್ಯಾಡ ಕಣಪ್ಪ. ದಾರೀಲಿ ಕೆಟ್ಟು ನಿಂತಿದ್ದಕ್ಕೆ ಅಲ್ಲೇ ಬೋಳಿಸ್ಕೊಂಡ್ಯಾ? ಮಾತಿಗೆ ತಪ್ಪೋನಲ್ಲ ನೀನು."

"ಲೇ, ಕೆಟ್ಟಿಲ್ಲ. ಮುಟ್ಟೀನಿ. ಗೆದ್ದೀನಿ."

"ಗೆದ್ದೋನು ಯಾವನಾದ್ರೂ ಮೀಸೆ ಬೋಳಿಸ್ಕೊಂತಾನೇನಪ್ಪ? ಇರ್ಲಿ, ನಾಳೆ ಗಾಡಿ ಎಳ್ಕೊಂಡ್ ಬಾ, ಕಮ್ಮಿ ರೇಟಲ್ಲಿ ಮಾಡ್ಕೊಡ್ತೀನಿ."

ಪೂಜೆ ಮುಗಿಸಿ ಹೊರಡುವಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಮನೆಯಿಂದ, ಮಾರಯ್ಯ.

"ಲೇ ದುರುಗ, ಏನ್ ಫೋಟೋ ಹಾಕ್ಸಿದೀಯಲೇ? ಮನೆ ಮುಂದೆ ಬೀದಿಯೋರೆಲ್ಲಾ ಬಂದು ನಿಂತವ್ರೆ. ಅನ್ನಪೂರ್ಣಮ್ಮ ಹಾರ ತಂದವ್ಳೆ. ಅಳ್ತಾ ಬಾಗ್ಲು ಬಡಿದ್ಲು, ಬಾಗ್ಲು ತೆಗ್ದೋನು ನಾನೇ. ನಾನು ಬದುಕೀನಿ ಅಂದ್ರೆ ಹಿಂದಿರೋರಿಗೆ ಕೇಳಿಸ್ತಿಲ್ಲ. ಆಗ್ಲೇ ಇಬ್ರು ಚಟ್ಟಕ್ಕೆ ಬಿದಿರು ತರಾಕೆ ಹೋದ್ರು."

ದುರುಗೇಶ ಇಲ್ಲದ ಮೀಸೆಯನ್ನು ಒಮ್ಮೆ ತಿರುವಿಕೊಂಡ. ಬಾವಿಗೆ ಇಳಿದಂತೆ ಗಾಡಿಗಿಳಿದು ಕೀ ತಿರುಗಿಸಿದ. ಒಂದೇ ಏಟಿಗೆ ಸ್ಟಾರ್ಟ್ ಆಯಿತು.

"ಕೂತೇ ಇರಪ್ಪ," ಎಂದ. "ಯಾರು ಏನೇ ಅಂದ್ರೂ ಮಲಗ್‌ಬ್ಯಾಡ. ನಾನು ಬರ್ತಾ ಇದೀನಿ."