ಆಕಾಶಕ್ಕೇರಿದ ಡಂಗೂರ ದ್ಯಾಮ್ಯಾ

ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಲಕ್ಷಾಂತರ ಬಂಡೆಗಳಲ್ಲಿ ಒಂದಕ್ಕೆ ‘ಡಂಗೂರ ದ್ಯಾಮ್ಯಾ’ ಎಂದು ಹೆಸರಿಟ್ಟ ಸುದ್ದಿ ಪೇಪರಿನಲ್ಲಿ ಬಂದಾಗಿನಿಂದ ಯರಗಟ್ಟಿಯ ಅಂದಾನೆಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ದ್ಯಾಮ್ಯಾ ಎಂದರೆ ಒಂದು ಕಾಲಕ್ಕೆ ಈ ಸೀಮೆಯನ್ನೆಲ್ಲ ನಗಿಸಿದ ಕಂಪನಿ ನಾಟಕದ ಪಾತ್ರ. ಊರ ತುಂಬ ತಪ್ಪು ತಪ್ಪಾಗಿ ಡಂಗೂರ ಸಾರುವ ಪೆದ್ದ. ರಾಮದುರ್ಗ, ಸವದತ್ತಿ, ಬೈಲಹೊಂಗಲದ ಕ್ಯಾಂಪುಗಳಲ್ಲಿ ಆ ಪಾತ್ರ ಆಡಿದವನು ಅಂದಾನೆಪ್ಪ. ಬಂಡೆಗೆ ಹೆಸರಿಟ್ಟವಳು ಇದೇ ಊರಿನಲ್ಲಿ ಬೆಳೆದ ವಿಜ್ಞಾನಿ ಅನ್ನಪೂರ್ಣಾ. ದ್ಯಾಮ್ಯಾನ ಪಾತ್ರ ಮಾಡಿದವರಿಗೆ ಶಾಲು ಹೊದಿಸಲು ಆಕೆ ಅಂದು ಸಂಜೆ ಊರಿಗೆ ಬರುವವಳಿದ್ದಳು.

ಕಂಪನಿ ಮುಚ್ಚಿದ ಮೇಲೆ ಅಂದಾನೆಪ್ಪ ಹಿಟ್ಟಿನ ಗಿರಣಿ ಇಟ್ಟಿದ್ದ. ಬಂದವರು ಜೋಳ ಸಣ್ಣಗೆ ಬೀಸು ಎನ್ನುತ್ತಿದ್ದರೇ ಹೊರತು, ಒಂದು ಮಾತು ಆಡಿ ತೋರಿಸು ಎಂದವರಿಲ್ಲ. ತಗಡಿನ ಥಿಯೇಟರು, ಪರದೆಯ ಹಿಂದಿನ ಬಣ್ಣದ ವಾಸನೆ, ಎದುರಿನ ಕತ್ತಲೆಯಿಂದ ಏಳುತ್ತಿದ್ದ ನಗೆ ನೆನಪಾದರೆ ಅವನು ಗಿರಣಿ ನಿಲ್ಲಿಸಿ ಕೂತುಬಿಡುತ್ತಿದ್ದ. ಸಾಯುವುದರೊಳಗೆ ಇನ್ನೊಮ್ಮೆ ಆ ನಗೆ ಕೇಳಬೇಕು ಎಂಬುದೊಂದೇ ಅವನ ಆಸೆ.

ಹೆಂಡತಿ ಸಾವಿತ್ರೆವ್ವ ಅದೇ ಕಂಪನಿಯ ನಾಯಕಿಯಾಗಿದ್ದವಳು. ಸಂಸಾರಸ್ಥಳಿಗೆ ಬಣ್ಣ ಸಲ್ಲದೆಂದು ಮದುವೆಯಾದ ಮೇಲೆ ಅವನೇ ಬಿಡಿಸಿದ್ದ. “ಈ ವಯಸ್ಸಿನಾಗ ಮೀಸಿ ಹಚ್ಚಿಕೊಂಡು ಕುಣಿಯೋದು ಬ್ಯಾಡ. ಸುಮ್ನ ಶಾಲು ಹೊಚ್ಚಿಸಿಕೊಂಡು ಬರ್ರಿ,” ಎಂದು ಆಕೆ ರೊಟ್ಟಿ ಬಡಿಯುತ್ತ ಹೇಳಿದಳು. ಹೆಂಡತಿಯ ಮಾತು ಕೇಳುವ ಜಾತಿಯವನಾಗಿದ್ದರೆ ಅವನ ಕತೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಅವನಿಗಿಂತ ಮೊದಲೇ ಓಣಿ ತಯಾರಾಗಿ ನಿಂತಿತು. ಆ ಬಂಡೆ ತನ್ನ ಗೋವಿನಜೋಳದ ರಾಶಿಯ ಮೇಲೆ ಬಿದ್ದರೆ ಯಾರು ಜವಾಬ್ದಾರಿ ಎಂದು ಎದುರು ಮನೆಯ ಶಟ್ಟೆವ್ವ ಜಗಳಕ್ಕೇ ಬಂದಳು. ಬೀಳುವುದಿಲ್ಲವೆಂದು ಅಂದಾನೆಪ್ಪ ಆಣೆ ಮಾಡಿದ ಮೇಲೆ ಸಮಾಧಾನವಾಗಿ, ಧ್ವನಿ ಏಳಲಿ ಎಂದು ಮೆಣಸಿನ ಕಷಾಯ ಕುಡಿಸಿದಳು. ಧ್ವನಿ ಏಳಲಿಲ್ಲ, ಇದ್ದ ಧ್ವನಿಯೂ ಕೂತಿತು. ಹೊತ್ತು ಇಳಿಯುವಷ್ಟರಲ್ಲಿ ಹಳೆಯ ಟ್ರಂಕಿನಿಂದ ದ್ಯಾಮ್ಯಾನ ಮೀಸೆ ಸಿಕ್ಕಿತು. ಅಂಟಿಸುವ ಗೋಂದು ಎಲ್ಲಿ ಹುಡುಕಿದರೂ ಸಿಗಲಿಲ್ಲ.

ಆಗ ಗಿರಣಿಯ ಪಕ್ಕದ ಪಂಕ್ಚರ್ ಅಂಗಡಿಯ ಮಡಿವಾಳೆಪ್ಪ ಡಬ್ಬಿ ಹಿಡಿದು ಬಂದ. “ಅಣ್ಣಾ, ಕಬ್ಬಿನ ಟ್ರ್ಯಾಕ್ಟರ್ ಟ್ಯೂಬನ್ನ ಹಿಡಿಯೋ ಸೊಲ್ಯೂಷನ್ ಇದು. ನಿನ್ನ ಮೀಸಿ ಯಾವ ಲೆಕ್ಕ?” ಎಂದು ಧಾರಾಳವಾಗಿ ಬಳಿದ. ಸೊಲ್ಯೂಷನ್ ಮೀಸೆಯಿಂದ ತುಟಿಗಿಳಿಯಿತು. ಒಣಗಿದ ಮೇಲೆ ನೋಡಿದರೆ ಎರಡೂ ತುಟಿ ಅಂಟಿ, ಅಂದಾನೆಪ್ಪನ ಬಾಯಿಗೆ ಪಕ್ಕಾ ಪಂಕ್ಚರ್ ಹಾಕಿದಂತಾಗಿತ್ತು. ಒಬ್ಬ ಕೊಬ್ಬರಿ ಎಣ್ಣೆ ಸವರಿದ, ಇನ್ನೊಬ್ಬ ಸೀಮೆಎಣ್ಣೆ ತಂದ. ಮೀಸೆ ಜಗ್ಗಿದರೆ ಅದರ ಜೊತೆ ಅಂದಾನೆಪ್ಪನೂ ಬರುತ್ತಿದ್ದ. ಕೊನೆಗೆ ಹೊತ್ತಾಯಿತೆಂದು ಅವನನ್ನು ಹಾಗೆಯೇ ಕಲ್ಯಾಣ ಮಂಟಪಕ್ಕೆ ಕರೆದೊಯ್ದು ಮೊದಲ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಕೂತ ಸಾವಿತ್ರೆವ್ವ ಗಂಡನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು.

ಅನ್ನಪೂರ್ಣಾ ಮೈಕಿನ ಮುಂದೆ ನಿಂತಳು. “ನಾ ಆಗ ಸಣ್ಣ ಸಾಲಿ ಹುಡುಗಿ. ಕಂಪನಿ ನಮ್ಮೂರು ಬಿಡೋ ದಿನದ ಕಡೀ ಆಟ ಅದು. ಅವತ್ತ ಗಂಡಸರ ಪಾತ್ರ ಹೆಣ್ಮಕ್ಕಳು, ಹೆಣ್ಮಕ್ಕಳ ಪಾತ್ರ ಗಂಡಸರು ಮಾಡೋ ಪದ್ಧತಿ ಇತ್ತು. ದ್ಯಾಮ್ಯಾ ಆಗಿ ಬಂದ ಅಕ್ಕನ್ನ ನೋಡಿ ನಕ್ಕು ನಕ್ಕು ಕುರ್ಚಿಯಿಂದ ಬಿದ್ದಿದ್ದೆ. ಹೆಣ್ಮಗಳು ಹಿಂಗ ಊರೆಲ್ಲ ಕೇಳೂಹಂಗ ಕೂಗಬಹುದು ಅಂತ ನನಗ ಗೊತ್ತಾಗಿದ್ದ ಅವತ್ತ. ಸಾವಿತ್ರೆವ್ವಾರ, ಮ್ಯಾಲೆ ಬರ್ರಿ.”

ತನ್ನ ಹೆಸರೇ ಬರುತ್ತದೆಂದು ಎದ್ದು ನಿಂತಿದ್ದ ಅಂದಾನೆಪ್ಪ ಮತ್ತೆ ಕೂತ. ಆ ಕೊನೆಯ ಆಟ ಅವನಿಗೆ ಮರೆತೇ ಹೋಗಿತ್ತು. ಆ ಪಾತ್ರ ಕಲಿಸಿದವನು ನಾನೇ ಎಂದು ಕೂಗಬೇಕೆಂದರೆ ಬಾಯಿ ಬಿಡುವಂತಿಲ್ಲ.

ಶಾಲು ಹೊದ್ದ ಸಾವಿತ್ರೆವ್ವ ಮೈಕಿನ ಮುಂದೆ ಬಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಡಂಗೂರದ ಹಲಗೆಯನ್ನು ಬಡಿಯುತ್ತ ಸಾರಿದಳು: “ಕೇಳ್ರಪೋ ಕೇಳ್ರಿ! ಗೌಡ್ರ ಹುಂಜ ಕಳದೈತಿ. ಸಿಕ್ಕಾವ್ರು ತಂದು ಕೊಡ್ರಿ, ತಿಂದಾವ್ರು ಎಲುಬಾದ್ರೂ ತಂದು ಕೊಡ್ರಿ!”

ಮಂಟಪ ನಗೆಯಲ್ಲಿ ಮುಳುಗಿತು. ಅದೇ ಹಳೆಯ ಧ್ವನಿ, ತಗಡಿನ ಥಿಯೇಟರಿನ ಕಡೆಯ ಸಾಲಿಗೂ ಮುಟ್ಟುತ್ತಿದ್ದ ಧ್ವನಿ. ಇಂಥವಳನ್ನು ಇಷ್ಟು ವರ್ಷ ಒಲೆಯ ಮುಂದೆ ಕೂರಿಸಿದೆನಲ್ಲ ಎಂದು ಅಂದಾನೆಪ್ಪನ ಕಣ್ಣು ತುಂಬಿತು.

ನಗೆ ಇಳಿದ ಮೇಲೆ ಅನ್ನಪೂರ್ಣಾ ಕೇಳಿದಳು, “ಅವ್ವಾರ, ಅವತ್ತ ಸೀರಿ ಉಟ್ಟು ನಾಯಕಿ ಆಗಿದ್ದ ಗಂಡಸು ಯಾರ್ರಿ? ಅವ್ರು ಅಳಾಕ ಸುರು ಮಾಡಿದ್ರ ಸಾಕು, ಜನ ಎಲ್ಲಾ ಎದ್ದು ಚಾ ಕುಡಿಯಾಕ ಹೋಗತಿದ್ರು.”

ಸಾವಿತ್ರೆವ್ವ ಮೈಕಿಗೆ ಬಾಯಿ ಹತ್ತಿರ ತಂದಳು. “ಇಲ್ಲೇ ಅದಾರ ನೋಡ್ರಿ, ಮುಂದ, ಮೀಸಿ ಹಚ್ಚಿಕೊಂಡು ಕುಂತಾರ. ಈಗೂ ಅಳಾಕ ಹತ್ಯಾರ.”

ಇಡೀ ಯರಗಟ್ಟಿ ಅಂದಾನೆಪ್ಪನ ಕಡೆ ತಿರುಗಿ ಬಿದ್ದು ಬಿದ್ದು ನಕ್ಕಿತು. ಹಳೆಯ ರೂಢಿ ನೋಡಿ, ನಗೆ ಕಿವಿಗೆ ಬಿದ್ದದ್ದೇ ತಡ, ಅವನು ತನಗೆ ಗೊತ್ತಿಲ್ಲದಂತೆಯೇ ಎದ್ದು ಎರಡೂ ಕೈ ಜೋಡಿಸಿ ಬಾಗಿದ. ಅದನ್ನು ಕಂಡು ಜನ ಇನ್ನಷ್ಟು ನಕ್ಕರು.